ತಣ್ಣೀರಿನ ಬೀಚಲ್ಲಿ ಮೆಟಲ್ ಡಿಟೆಕ್ಟರ್ ಹಿಡಿದು ಎಲ್ಲಿ ಹುಡುಕಬೇಕು? (ನ್ಯೂಕ್ಯಾಸಲ್ ಹತ್ತಿರ)

ತುಮಕೂರು_ಟು_ಟೈನ್:

ಎಲ್ಲರಿಗೂ ನಮಸ್ಕಾರ. ನಾನು ತುಮಕೂರಿನವನು, ಎರಡು ವರ್ಷದಿಂದ ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿದ್ದೇನೆ. ಆಗಸ್ಟ್‌ನಲ್ಲಿ ಒಂದು ಸೆಕೆಂಡ್ ಹ್ಯಾಂಡ್ ಮೆಟಲ್ ಡಿಟೆಕ್ಟರ್ ತಗೊಂಡೆ. ಅಲ್ಲಿಂದ ಇಲ್ಲಿಯವರೆಗೆ ಆರು ಭಾನುವಾರ ಮೆಟ್ರೋ ಹತ್ತಿ ಟೈನ್‌ಮತ್‌ನ ಲಾಂಗ್‌ಸ್ಯಾಂಡ್ಸ್ ಬೀಚಿಗೆ ಹೋಗಿದ್ದೇನೆ. ಸಿಕ್ಕಿದ್ದು ಕ್ಯಾನಿನ ಮುಚ್ಚಳದ ಕಿವಿಗಳು, ತುಕ್ಕು ಹಿಡಿದು ಉಂಡೆಯಾದ ಪೆನ್ನಿಗಳು, ಒಂದು ಹೊಸ ಪೌಂಡ್, ಮೀನು ಹಿಡಿಯುವವರ ಸೀಸದ ಗುಂಡು ಎರಡು.

ನಾನು ನೋಡುವ ವಿಡಿಯೋಗಳಲ್ಲಿ ಎಲ್ಲರೂ ಸೊಂಟದವರೆಗೆ ನೀರಿಗಿಳಿದು ಉಂಗುರ ತೆಗೆಯುತ್ತಾರೆ. ಅದೆಲ್ಲ ಬಿಸಿಲಿನ ಊರುಗಳು. ಇಲ್ಲಿ ನಾನು ಮೊಣಕಾಲಿನವರೆಗೆ ಇಳಿದರೆ ಹತ್ತು ನಿಮಿಷಕ್ಕೆ ಬೆರಳು ಮರಗಟ್ಟುತ್ತದೆ. ಅದರ ಮೇಲೆ ಒದ್ದೆ ಮರಳಿಗೆ ಹೋದ ಕೂಡಲೇ ಮೆಷಿನ್ ಸುಮ್ನೆ ಕಿರುಚುತ್ತದೆ. ಇಂಥ ಕಡೆ ಒಳ್ಳೆ ಜಾಗ ಹೇಗೆ ಗುರುತಿಸುವುದು? ಯಾರದ್ದಾದರೂ ಅನುಮತಿ ಬೇಕಾ? ಇಲ್ಲಿ ಹುಡುಕಿ ಗೊತ್ತಿರುವವರು ದಯವಿಟ್ಟು ಹೇಳಿ.

ಅಳಿವೆ:

ತಮ್ಮಾ, ನಾನು ಹೊನ್ನಾವರದವಳು. ಸೌತ್ ಶೀಲ್ಡ್ಸ್‌ನಲ್ಲಿದ್ದೇನೆ, ಆಸ್ಪತ್ರೆಯಲ್ಲಿ ನರ್ಸ್. ನೈಟ್ ಶಿಫ್ಟ್ ಮುಗಿಸಿ ಸೀದಾ ಬೀಚಿಗೆ ಹೋಗುವುದು ಒಂಬತ್ತು ವರ್ಷದ ಅಭ್ಯಾಸ. ನಿನ್ನ ಪ್ರಶ್ನೆ ನೋಡಿ ಬಹಳ ಖುಷಿಯಾಯಿತು. ಸ್ವಲ್ಪ ಉದ್ದ ಬರೆಯುತ್ತೇನೆ.

ಮೊದಲು ನೀರು ಬಿಟ್ಟು ಮೇಲೆ ಬಾ. ಇಲ್ಲಿನ ಸಮುದ್ರ ಫೆಬ್ರವರಿ, ಮಾರ್ಚ್‌ನಲ್ಲಿ 5–6 ಡಿಗ್ರಿ. ಆಗಸ್ಟ್‌ನಲ್ಲೂ 13–14 ಡಿಗ್ರಿ ದಾಟುವುದು ಕಷ್ಟ. ಇಂಥ ನೀರಿಗೆ ಸೊಂಟದವರೆಗೆ ಇಳಿದು ಗಂಟೆಗಟ್ಟಲೆ ಆಡುವವರು ಎಷ್ಟು ಜನ ಹೇಳು? ಇಲ್ಲಿಯವರು ಪಾದ ಒದ್ದೆ ಮಾಡಿಕೊಂಡು ವಾಪಸ್ ಬರುತ್ತಾರೆ. ಆಮೇಲೆ ಇಡೀ ದಿನ ಗಾಳಿಗೆ ಅಡ್ಡ ಕಟ್ಟಿಕೊಂಡು ಒಣ ಮರಳಲ್ಲಿ ಕೂರುತ್ತಾರೆ. ಅಂದರೆ ಕಳೆದುಹೋಗುವುದೂ ಅಲ್ಲೇ. ಗೋಡೆಯ ಬುಡ, ಬಂಡೆಯ ಮರೆ, ಮೆಟ್ಟಿಲು ಮರಳಿಗೆ ಇಳಿಯುವ ಜಾಗ, ಐಸ್‌ಕ್ರೀಮ್ ಗಾಡಿ ನಿಲ್ಲುವಲ್ಲಿಂದ ಕೆಳಗೆ ಹದಿನೈದಿಪ್ಪತ್ತು ಹೆಜ್ಜೆ. ನೀನು ಹೋದಾಗ ಮೆಷಿನ್ ಆನ್ ಮಾಡುವ ಮೊದಲು ಹತ್ತು ನಿಮಿಷ ನಿಂತು ನೋಡು: ಗಾಳಿ ಎಲ್ಲಿ ತಾಗುವುದಿಲ್ಲ? ಅಲ್ಲಿ ನೂರು ವರ್ಷದಿಂದ ಜನ ಕೂತಿದ್ದಾರೆ.

ಇನ್ನೊಂದು ಗುಂಪು ಇದೆ. ತಣ್ಣೀರಿನಲ್ಲಿ ಮುಳುಗಿ ಏಳುವವರು. ಈಗ ಅವರು ಎಲ್ಲ ಬೀಚಲ್ಲೂ ಇದ್ದಾರೆ. ಹೊಸ ವರ್ಷದ ದಿನ ವಿಟ್ಲೀ ಬೇಯಲ್ಲಿ, ಬಾಕ್ಸಿಂಗ್ ಡೇ (ಕ್ರಿಸ್‌ಮಸ್ ಮರುದಿನ) ಸೀಬರ್ನ್‌ನಲ್ಲಿ ದೊಡ್ಡ ಗುಂಪೇ ನೀರಿಗಿಳಿಯುತ್ತದೆ. ಚಳಿಗೆ ಬೆರಳು ಸಣ್ಣಗಾಗುತ್ತದೆ. ಹೊರಗೆ ಬಂದು ಒದ್ದೆ ರಬ್ಬರ್ ಗ್ಲೌಸ್ ಎಳೆದಾಗ ಉಂಗುರವೂ ಜೊತೆಗೆ ಬರುತ್ತದೆ. ಆಗ ಗೊತ್ತೇ ಆಗುವುದಿಲ್ಲ, ಕೈ ಮರಗಟ್ಟಿರುತ್ತದೆ. 2022ರ ಜನವರಿಯಲ್ಲಿ ಕಲರ್‌ಕೋಟ್ಸ್‌ನ ಬೀಚಲ್ಲಿ ಅವರು ಬಟ್ಟೆ ಬದಲಿಸುವ ಗೋಡೆಯ ಹತ್ತಿರ ನನಗೆ ಹಾಗೇ ಒಂದು ಸಿಕ್ಕಿತು. ಸದ್ದು ಕ್ಯಾನಿನ ಕಿವಿಯದ್ದೇ, ಮಂದ, ಚಿಕ್ಕದು. ಬಿಡೋಣ ಅಂತಲೇ ಅನ್ನಿಸಿತು. ತೂತಿರುವ ಸ್ಕೂಪಿನಲ್ಲಿ (ಮರಳು ಎತ್ತುವ ಸೌಟು) ಒಮ್ಮೆ ಎತ್ತಿ ಅಲ್ಲಾಡಿಸಿದೆ. ಮರಳು ತೂತಿನಿಂದ ಉದುರಿತು. ಪಾಚಿಯ ಎಳೆಯೊಂದರ ಜೊತೆ ಹಳದಿ ಅಂಚು ಕಂಡಿತು. ಒಳಗಡೆ ಎರಡು ಹೆಸರಿನ ಮೊದಲಕ್ಷರ, ಒಂದು ತಾರೀಕು. ಈಜುವವರ ಗುಂಪಿಗೆ 'ಉಂಗುರ ಸಿಕ್ಕಿದೆ, ಒಳಗೆ ಏನು ಬರೆದಿದೆ ಹೇಳಿ' ಅಂತ ಮಾತ್ರ ಹಾಕಿದೆ. ಮೂರನೇ ದಿನ ಒಬ್ಬ ಹೆಂಗಸು ಫೋನ್ ಮಾಡಿ ಅಕ್ಷರ, ತಾರೀಕು ಎರಡೂ ಸರಿಯಾಗಿ ಹೇಳಿದಳು. ಅವಳ ಬೆರಳಿಗೆ ನಾನೇ ಹಾಕಿದೆ. ಆ ದಿನ ನನಗೆ ನಿದ್ದೆ ಬರಲಿಲ್ಲ. ಸಿಕ್ಕಿದ ಒಡವೆಗೆ ಯಜಮಾನರಿರುತ್ತಾರೆ, ಹುಡುಕದೆ ಇಟ್ಟುಕೊಂಡರೆ ಇಲ್ಲಿಯ ಕಾನೂನಿನಲ್ಲೂ ಕಳ್ಳತನವೇ. ಯಾರೂ ಸಿಗದಿದ್ದರೆ ಪೊಲೀಸರಿಗೆ ತಿಳಿಸು.

ಈಗ ಹಳೆಯದರ ವಿಷಯ. ಸ್ಕಾಟ್‌ಲೆಂಡಿನ ನ್ಯಾಷನಲ್ ಲೈಬ್ರರಿಯ ವೆಬ್‌ಸೈಟಿನಲ್ಲಿ ಇಂಗ್ಲೆಂಡಿನ ಹಳೆ ಆರ್ಡ್‌ನನ್ಸ್ ಸರ್ವೆ (ಸರ್ಕಾರಿ ಭೂಮಾಪನ) ನಕ್ಷೆಗಳೂ ಇವೆ, ದುಡ್ಡು ಬೇಡ. ಒಂದು ಕಡೆ ಹಳೆ ನಕ್ಷೆ, ಪಕ್ಕದಲ್ಲೇ ಇವತ್ತಿನ ಉಪಗ್ರಹ ಚಿತ್ರ ಇಟ್ಟು ನೋಡಬಹುದು. ಈಗ ಇಲ್ಲದ ಮೆಟ್ಟಿಲು, ದೋಣಿ ಕಟ್ಟೆ, ಮರಳಿಗೆ ಇಳಿಯುವ ದಾರಿ ಎಲ್ಲ ಅದರಲ್ಲಿ ಕಾಣುತ್ತದೆ. ನಿನ್ನ ಲಾಂಗ್‌ಸ್ಯಾಂಡ್ಸ್‌ನ ದಕ್ಷಿಣ ತುದಿ ನೋಡು. 1920ರ ದಶಕದಲ್ಲಿ ಅಲ್ಲಿ ಸಮುದ್ರದ ನೀರಿನದೇ ಈಜುಕೊಳ ಕಟ್ಟಿದ್ದರು, ಈಗ ಪಾಳು ಬಿದ್ದಿದೆ. ವಿಟ್ಲೀ ಬೇಯಲ್ಲಿ 1910ರ ಸ್ಪ್ಯಾನಿಷ್ ಸಿಟಿಯ ಬಿಳಿ ಗುಮ್ಮಟ ಇದೆಯಲ್ಲ, ಅದರ ಎದುರಿನ ಮರಳು. ಜುಲೈ ರಜೆಯಲ್ಲಿ ಗ್ಲಾಸ್ಗೋ ಜನ ರೈಲುಗಟ್ಟಲೆ ಅಲ್ಲಿಗೆ ಬರುತ್ತಿದ್ದರು. ಜೇಬಿನಲ್ಲಿ ಚಿಲ್ಲರೆ, ಮರಳಲ್ಲಿ ಉರುಳಾಟ. ಸಿಗದೆ ಇರುತ್ತದಾ?

ಆದರೆ ಬೇಸಿಗೆಯಲ್ಲಿ ಅದು ಸಿಗುವುದಿಲ್ಲ. ಇದನ್ನು ನಾನು ಊರಿನ ಅಳಿವೆ ನೋಡಿಯೇ ಅರ್ಥ ಮಾಡಿಕೊಂಡೆ. ಮಳೆಗಾಲ ಕಳೆದ ಮೇಲೆ ಶರಾವತಿಯ ಬಾಯಲ್ಲಿ ಹೊಯ್ಗೆ ದಿಬ್ಬ ಹೋದ ವರ್ಷದ ಜಾಗದಲ್ಲಿ ಇರುತ್ತಿರಲಿಲ್ಲ. ಅಪ್ಪ ದೋಣಿ ಇಳಿಸುವ ಮೊದಲು ಅದನ್ನೇ ನೋಡುತ್ತಿದ್ದ. ಇಲ್ಲೂ ಹಾಗೆ, ಕಾಲ ಮಾತ್ರ ಬೇರೆ. ಬೇಸಿಗೆಯ ಸಣ್ಣ ಅಲೆ ಮರಳನ್ನು ದಡಕ್ಕೆ ತಂದು ಪೇರಿಸುತ್ತದೆ. ಚಳಿಗಾಲದ ದೊಡ್ಡ ಅಲೆ ಅದನ್ನು ಎಳೆದು ಒಳಗೆ ಒಯ್ಯುತ್ತದೆ. ನಾಣ್ಯ, ಉಂಗುರ ಭಾರದ್ದು. ಮರಳಲ್ಲಿ ಇಳಿಯುತ್ತಾ ಇಳಿಯುತ್ತಾ ಕೆಳಗಿನ ಜೇಡಿಯ ಮೇಲೋ ಕಲ್ಲಿನ ಹಾಸಿನ ಮೇಲೋ ಕೂತುಬಿಡುತ್ತದೆ. ಅಲ್ಲಿಗೆ ನಿನ್ನ ಮೆಷಿನ್ ಮುಟ್ಟಬೇಕಾದರೆ ಮೇಲಿನ ಮರಳು ಹೋಗಲೇಬೇಕು. ಆದ್ದರಿಂದ ಮೂಡಣ ಇಲ್ಲವೇ ಈಶಾನ್ಯದ ಗಾಳಿ ಎರಡು ಮೂರು ದಿನ ಬಿಡದೆ ಬೀಸಿದ ಮೇಲೆ ಹೋಗು. ಅಮಾವಾಸ್ಯೆ, ಹುಣ್ಣಿಮೆ ಆಗಿ ಒಂದೆರಡು ದಿನಕ್ಕೆ ಇಳಿತ ಜಾಸ್ತಿ. ಟೈನ್ ನದಿಯ ಬಾಯಲ್ಲಿ ಆಗ ಉಬ್ಬರ–ಇಳಿತದ ವ್ಯತ್ಯಾಸ ನಾಲ್ಕು ಮೀಟರ್ ಮೀರುತ್ತದೆ. ಎರಡೂ ಕೂಡಿ ಬಂದ ಬೆಳಿಗ್ಗೆ ನಾನು ರಜೆ ಕೇಳಿದ್ದೂ ಇದೆ.

ಹೋದಾಗ ಮರಳಿನ ಬಣ್ಣ ನೋಡು. ನಿನ್ನೆ ನಯವಾಗಿದ್ದ ಕಡೆ ಇವತ್ತು ಬೆಣಚುಕಲ್ಲು, ಕಪ್ಪು ಮರಳು, ಜೇಡಿ ಕಂಡರೆ ಅಲ್ಲೇ ನಿಲ್ಲು. ಸೀಸದ ಗುಂಡು, ಹಳೆ ಮೊಳೆ ಒಂದೇ ಸಾಲಿನಲ್ಲಿ ಸಿಗುತ್ತಿದ್ದರೆ ಆ ಸಾಲು ಬಿಡಬೇಡ. ಸಮುದ್ರ ಭಾರ ನೋಡಿ ವಿಂಗಡಿಸುತ್ತದೆ, ಸೀಸ ಕೂತ ಕಡೆ ಚಿನ್ನವೂ ಕೂರುತ್ತದೆ. ನಿನಗೆ ಆ ಎರಡು ಗುಂಡು ಎಲ್ಲಿ ಸಿಕ್ಕವು? ಪಕ್ಕಪಕ್ಕದಲ್ಲಾ?

ಅನುಮತಿ: ಇಲ್ಲಿಯ ಉಬ್ಬರ–ಇಳಿತದ ನಡುವಿನ ದಡದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು 'ಕ್ರೌನ್ ಎಸ್ಟೇಟ್' ಅನ್ನುವ, ರಾಜಮನೆತನದ ಆಸ್ತಿ ನೋಡಿಕೊಳ್ಳುವ ಸಂಸ್ಥೆಯದು. ಅದರ ಮೇಲೆ ಹುಡುಕಲು ಪ್ರತ್ಯೇಕ ಪರವಾನಗಿ ಬೇಡ. ಉಳಿದದ್ದು ಕೌನ್ಸಿಲ್, ನ್ಯಾಷನಲ್ ಟ್ರಸ್ಟ್, ಖಾಸಗಿಯವರದ್ದು. ಅಲ್ಲಿ ಕೇಳಲೇಬೇಕು. ಪುರಾತತ್ವದ ಪಟ್ಟಿಯಲ್ಲಿರುವ ಜಾಗದಲ್ಲಿ ಅನುಮತಿ ಇಲ್ಲದೆ ಮೆಷಿನ್ ಆಡಿಸುವುದೇ ಅಪರಾಧ. ಟೈನ್‌ಮತ್ ಪ್ರಯರಿ (ಹಳೆ ಕ್ರೈಸ್ತ ಮಠ) ಇರುವ ಗುಡ್ಡ ಅಂಥದ್ದು, ಅತ್ತ ಹೋಗಬೇಡ. ಮರಳ ದಿಬ್ಬದ ಹುಲ್ಲು ಕೀಳಬೇಡ. 300 ವರ್ಷ ದಾಟಿದ ಚಿನ್ನ, ಬೆಳ್ಳಿಯ ವಸ್ತು ಸಿಕ್ಕರೆ 14 ದಿನದೊಳಗೆ ತಿಳಿಸಬೇಕು. ಮುಳುಗಿದ ಹಡಗಿನದ್ದಾದರೆ ರಿಸೀವರ್ ಆಫ್ ರೆಕ್ ಕಚೇರಿಗೆ 28 ದಿನದೊಳಗೆ.

ಯುದ್ಧಕಾಲದ ಗುಂಡು, ಶೆಲ್ ಈ ದಡದಲ್ಲಿ ಈಗಲೂ ಸಿಗುತ್ತವೆ. ಉದ್ದಕ್ಕೆ ತುಕ್ಕು ಹಿಡಿದ ಕೊಳವೆ ಥರ ಕಂಡರೆ ಮುಟ್ಟಬೇಡ. ದೂರ ಬಂದು 999ಕ್ಕೆ ಫೋನ್ ಮಾಡಿ ಕೋಸ್ಟ್‌ಗಾರ್ಡ್ ಕೇಳು.

ಗ್ರೇಂಜರ್_ಗಣಿತ:

ಅಕ್ಕ ಹೇಳಿದ್ದರಲ್ಲಿ ಮೆಷಿನ್ ವಿಷಯ ಒಂದು ಸೇರಿಸುತ್ತೇನೆ. ಉಪ್ಪು ನೀರು ಕುಡಿದ ಮರಳಿನಲ್ಲಿ ಕರೆಂಟ್ ಹರಿಯುತ್ತದೆ. ಒಂದೇ ಫ್ರೀಕ್ವೆನ್ಸಿಯ ಮೆಷಿನ್ ಅದನ್ನೇ ಲೋಹ ಅಂದುಕೊಳ್ಳುತ್ತದೆ. ನಿಮ್ಮದು ಹಾಳಾಗಿಲ್ಲ. ಸೆನ್ಸಿಟಿವಿಟಿ ಇಳಿಸಿ, ಗ್ರೌಂಡ್ ಬ್ಯಾಲೆನ್ಸ್ (ಮೆಷಿನನ್ನು ಆ ನೆಲಕ್ಕೆ ಹೊಂದಿಸುವುದು) ಅಲ್ಲೇ ಮತ್ತೆ ಮಾಡಿ, ಕಾಯಿಲ್ (ತುದಿಯ ತಟ್ಟೆ) ಮರಳಿಗೆ ಸಮವಾಗಿ ನಿಧಾನ ಆಡಿಸಿ. ಒದ್ದೆ ಮರಳಲ್ಲೇ ಹುಡುಕುವ ಆಸೆ ಇದ್ದರೆ ಮುಂದೆ ಹಲವು ಫ್ರೀಕ್ವೆನ್ಸಿ ಒಟ್ಟಿಗೆ ಬಳಸುವ ಮೆಷಿನ್ ತಗೊಳ್ಳಿ. ನನ್ನದು ಮೈನ್‌ಲ್ಯಾಬ್ ವ್ಯಾಂಕ್ವಿಶ್, ಒದ್ದೆ ಮರಳಲ್ಲಿ ಚೆನ್ನಾಗಿ ನಡೆಯುತ್ತದೆ. ಕ್ಯಾನಿನ ಕಿವಿ ಬೇಡ ಅಂತ ಆ ಸದ್ದನ್ನು ಮುಚ್ಚಬೇಡಿ, ಚಿನ್ನವೂ ಅದೇ ಸದ್ದಿನಲ್ಲಿ ಬರುತ್ತದೆ.

ಆ ತುಕ್ಕಿನ ಪೆನ್ನಿಗಳು 1992ರ ನಂತರದವು. ಒಳಗೆ ಉಕ್ಕು, ಮೇಲೆ ತಾಮ್ರದ ಲೇಪ. ಸಮುದ್ರದಲ್ಲಿ ಬೇಗ ಹಾಳಾಗುತ್ತವೆ.

ಅಬರ್ಡೀನ್_ಆಚಾರ್:

ಸ್ಕಾಟ್‌ಲೆಂಡಿಗೆ ಬರುವುದಾದರೆ ನೆನಪಿಡಿ, ಇಲ್ಲಿ ನಿಯಮ ಬೇರೆ. 300 ವರ್ಷ, ಚಿನ್ನ ಬೆಳ್ಳಿ ಅನ್ನುವ ಲೆಕ್ಕ ಇಲ್ಲ. ಪುರಾತನ ವಸ್ತು ಏನೇ ಸಿಕ್ಕರೂ, ಕಂಚಿನ ಗುಂಡಿಯಾದರೂ, ಟ್ರೆಜರ್ ಟ್ರೋವ್ ಘಟಕಕ್ಕೆ ತಿಳಿಸಲೇಬೇಕು.

ಮಲ್ಪೆ_ಮಗು:

ಅಕ್ಕ, ರಜೆಗೆ ಊರಿಗೆ ಬಂದಾಗ ಮಲ್ಪೆ, ಮರವಂತೆಯಲ್ಲಿ ಮಾಡಬಹುದಾ?

ಅಳಿವೆ:

ಊರಿನಲ್ಲಿ ನಾನು ಮಾಡುವುದಿಲ್ಲ. ಅಲ್ಲೂ ನಿಧಿ ಕಾಯ್ದೆ ಇದೆ. ನೆಲದಲ್ಲಿ ಹುದುಗಿದ ಬೆಲೆಬಾಳುವ ವಸ್ತು ಸಿಕ್ಕರೆ ಜಿಲ್ಲಾಧಿಕಾರಿಗೆ ತಿಳಿಸಬೇಕು. ಹೋಗುವ ಮೊದಲು ಅವರ ಕಚೇರಿಯಲ್ಲಿ ಕೇಳಿ.

ತುಮಕೂರು_ಟು_ಟೈನ್:

ಅಕ್ಕ, ಮೂರು ದಿನ ಈಶಾನ್ಯ ಗಾಳಿ ಬೀಸಿತಲ್ವಾ, ಶನಿವಾರ ಬೆಳಿಗ್ಗೆ ಆರೂವರೆಗೆ ಹೆಡ್‌ಲ್ಯಾಂಪ್ ಹಾಕಿಕೊಂಡು ಹೋದೆ. ಗುಂಡುಗಳು ನೀವು ಕೇಳಿದ ಹಾಗೇ ಪಕ್ಕಪಕ್ಕದಲ್ಲಿ ಸಿಕ್ಕಿದ್ದವು. ಅದೇ ಜಾಗದಲ್ಲಿ ಮರಳು ಒಂದು ಅಡಿ ಇಳಿದು ಬೆಣಚುಕಲ್ಲು ಕಾಣುತ್ತಿತ್ತು. ಎರಡು ಗಂಟೆಯಲ್ಲಿ ಹನ್ನೊಂದು ನಾಣ್ಯ! ಒಂದು ಪೂರ್ತಿ ಕಪ್ಪು, ತೆಳ್ಳಗೆ, ಹೆಬ್ಬೆರಳ ಉಗುರಿಗಿಂತ ಸ್ವಲ್ಪ ದೊಡ್ಡದು. ತೊಳೆದರೆ 1942. ಕಿರೀಟ, ಅದರ ಕೆಳಗೆ ಹೆಣೆದುಕೊಂಡ ಜಿ, ಆರ್, ಐ ಅಕ್ಷರ. ಅಂಚಿನಲ್ಲಿ 'ಇಂಡ್ ಇಂಪ್' ಅಂತ ಇದೆ. ಏನಿದು? ನಿಂಬೆಹಣ್ಣು, ಉಪ್ಪು ಹಾಕಿ ಉಜ್ಜಲಾ?

ಅಳಿವೆ:

ಉಜ್ಜಬೇಡ, ಮಾರಾಯ! ಅದು ಆರನೇ ಜಾರ್ಜ್‌ನ ಆರು ಪೆನ್ನಿ. 1942 ಅಂದರೆ ಅರ್ಧ ಬೆಳ್ಳಿ, ಸಮುದ್ರದ ಮರಳಲ್ಲಿ ಬೆಳ್ಳಿ ಹಾಗೇ ಕಪ್ಪಾಗುತ್ತದೆ. 'ಇಂಡ್ ಇಂಪ್' ಅಂದರೆ ಭಾರತದ ಚಕ್ರವರ್ತಿ. 1948ರವರೆಗಿನ ನಾಣ್ಯದಲ್ಲಿ ಅದು ಇರುತ್ತದೆ, 1949ರಿಂದ ತೆಗೆದುಹಾಕಿದರು. ಒಂದು ಬಟ್ಟಲು ಸಿಹಿನೀರಿನಲ್ಲಿ ಹಾಕಿಡು, ಉಪ್ಪು ಬಿಡುವವರೆಗೆ ದಿನಾ ನೀರು ಬದಲಿಸು, ಬಟ್ಟೆಯ ಮೇಲಿಟ್ಟು ಒಣಗಿಸು. ಕಪ್ಪು ಹಾಗೇ ಇರಲಿ. ಗಾಳಿ ಇನ್ನೂ ತಿರುಗಿಲ್ಲ, ನಾಳೆ ಬೆಳಿಗ್ಗೆ ಆ ಸಾಲನ್ನೇ ಉತ್ತರಕ್ಕೆ ಹಿಡಿದು ಹೋಗು. ಉಬ್ಬರ ತಿರುಗುವ ಹೊತ್ತು ಮೊಬೈಲಿನಲ್ಲಿ ಹಾಕಿಟ್ಟುಕೋ.