ತಾಮ್ರದ ತಂಬಿಗಿ, ನೆಲ್ಲಿ ರಸ ಮತ್ತ ಕಾಕಾನ ಫಾರ್ವರ್ಡ್

ಗುಂಪು: ನಮ್ಮ ಮನಿ ಮಂದಿ

ಬೀದರ್ ಕಾಕಾ (ಹಲವು ಬಾರಿ ಫಾರ್ವರ್ಡ್ ಆಗಿದೆ): ಎರಡು ನೆಲ್ಲಿಕಾಯಿ ರಸ, ಒಂದು ನಿಂಬೆಹಣ್ಣಿನ ರಸ, ಅರ್ಧ ಚಮಚ ಅರಿಶಿಣವನ್ನು ತಾಮ್ರದ ತಂಬಿಗೆಯಲ್ಲಿ ರಾತ್ರಿಯಿಡೀ ಇಡಿ. ಬೆಳಿಗ್ಗೆ ಹತ್ತು ನಿಮಿಷ ಕುದಿಸಿ ಖಾಲಿ ಹೊಟ್ಟೆಯಲ್ಲಿ ಕುಡಿಯಿರಿ. ಆ್ಯಂಟಿಆಕ್ಸಿಡೆಂಟ್ ಅಂಕದಲ್ಲಿ ಎಲ್ಲ ಹಣ್ಣುಗಳನ್ನೂ ಮೀರಿಸುತ್ತದೆ!! ಜೊತೆಗೆ ದಿನಕ್ಕೊಂದು ವಿಟಮಿನ್ ಸಿ 1000, ವಿಟಮಿನ್ ಇ 400 ಮಾತ್ರೆ. ಕ್ಯಾನ್ಸರ್ ಹತ್ತಿರವೂ ಸುಳಿಯದು. ಹತ್ತು ಜನರಿಗೆ ಕಳುಹಿಸಿ.

ಶಹಾಪುರ ಅತ್ತಿ: ಛಲೋ ಅದ. ನೆಲ್ಲಿಕಾಯಿ ಮನ್ಯಾಗೇ ಅವ, ತಂಬಿಗಿನೂ ಅದ. ಇವತ್ತ ರಾತ್ರಿನೇ ಇಡ್ತೀನಿ.

ಆಳಂದ ಅಕ್ಕ (ಮರುದಿನ ಮುಂಜಾನಿ): ಕಾಕಾ, ಇದ್ರಾಗ ನೆಲ್ಲಿಕಾಯಿ ಒಂದೇ ಖರೆ. ಹುಳಿ ರಸ ತಾಮ್ರದಾಗ ಇಟ್ಟರ ತಾಮ್ರ ಕರಗಿ ರಸಕ್ಕ ಇಳೀತದ. ಆ ತಾಮ್ರನೇ ವಿಟಮಿನ್ ಸಿ ಕೆಡಿಸೋದ್ರಾಗ ಎಲ್ಲಕ್ಕಿಂತ ಮುಂದ. ಗಾಳಿಯೊಳಗಿನ ಆಮ್ಲಜನಕ ಮೆಲ್ಲಕ ಮಾಡೋ ಕೆಲಸಾನ ತಾಮ್ರದ ಕಣ ಭಾಳ ಜಲ್ದಿ ಮಾಡಿಸ್ತದ. ಮೊದಲ ಹಂತದಾಗ ಆಗೋ ಡಿಹೈಡ್ರೊ ರೂಪ (ಹೈಡ್ರೋಜನ್ ಕಳ್ಕೊಂಡಿದ್ದು) ಇನ್ನೂ ವಿಟಮಿನ್ನೇ, ದೇಹ ಅದನ್ನ ತಿರುಗಿ ಸರಿ ಮಾಡ್ಕೋತದ. ಆದ್ರ ಇಡೀ ರಾತ್ರಿ ಬಿಟ್ಟು ಮ್ಯಾಲೆ ಕುದಿಸಿದ್ರ ಅದರ ಅಣುವಿನ ಉಂಗುರ ಒಡೀತದ. ಒಡದ ಮ್ಯಾಲೆ ತಿರುಗಿ ಬರೋ ದಾರಿ ಇಲ್ಲ. ಅಂದ್ರ ಆ್ಯಂಟಿಆಕ್ಸಿಡೆಂಟ್ (ಆಮ್ಲಜನಕದಿಂದ ಆಗೋ ಹಾನಿ ತಡಿಯೋ ಅಂಶ) ಬೇಕಂತ ಹೊಂಟವ್ರು ಮೊದಲು ಅದನ್ನೇ ಸುಟ್ಟು ಕುಡದಂಗ.

ಬೀದರ್ ಕಾಕಾ: ತಾಮ್ರದಾಗ ನೀರ ಇಟ್ಟು ಕುಡಿಯೋದು ಹಿರೇರ ಕಾಲದಿಂದ ಬಂದದ. ಎಲ್ಲಾನೂ ತಪ್ಪಂದ್ರ ಹೆಂಗವ್ವ?

ಆಳಂದ ಅಕ್ಕ: ನೀರು ಬ್ಯಾರೆ, ಹುಳಿ ಬ್ಯಾರೆ ಕಾಕಾ. ಬರೇ ನೀರಿಗೆ ನಾ ಏನೂ ಅನ್ನಂಗಿಲ್ಲ. ಹಿರೇರೇ ತಾಮ್ರ, ಹಿತ್ತಾಳಿ ಪಾತ್ರಿಗೆ ಕಲಾಯಿ ಹಾಕಸ್ತಿದ್ರಲ್ಲ, ಯಾಕ? ಸಾರು, ಮಜ್ಜಿಗಿ ಕಿಲುಬು ಹಿಡೀಬಾರ್ದಂತ. ಕಲಾಯಿ ಇಲ್ದ ತಂಬಿಗಿದಾಗ ನಿಂಬಿ ರಸ ಇಟ್ಟು ಕುಡದ್ರ ಹೊಟ್ಟಿ ತೊಳಸ್ತದ, ವಾಂತಿ ಆಗ್ತದ.

ಸೇಡಂ ತಮ್ಮ: ಅಕ್ಕಾ, ಇದನ್ನ ಮನ್ಯಾಗೇ ತೋರಸ್ಬಹುದಲ್ಲ? ಗಾಯಕ್ಕ ಹಚ್ಚೋ ಪೊವಿಡೋನ್ ಅಯೋಡಿನ್ ಎರಡು ಹನಿ, ಒಂದು ಗ್ಲಾಸ್ ನೀರು, ಒಂದು ಚಮಚ ಅನ್ನದ ಗಂಜಿ. ನೀಲಿ ಆಗ್ತದ. ನಿಂಬಿ ರಸ ಹನಿ ಹನಿ ಬಿಟ್ಟು, ಎಷ್ಟನೇ ಹನಿಗೆ ನೀಲಿ ಹೋತು ಅಂತ ಎಣಿಸೋದು. ಹನಿ ಹೆಚ್ಚು ಬೇಕಾದ್ರ ವಿಟಮಿನ್ ಸಿ ಕಡಿಮಿ ಅದ ಅಂತ.

ಆಳಂದ ಅಕ್ಕ: ಹೌದು, ಆದ್ರ ತಂಬಿಗಿ ರಸಕ್ಕ ಇದನ್ನ ಮಾಡ್ಬ್ಯಾಡ. ಕರಗಿದ ತಾಮ್ರ, ನೀಲಿ ಹೋದ ಮ್ಯಾಲೆ ಉಳಿಯೋ ಅಯೋಡೈಡ್ ಕೂಡ ಸೇರಿ ಮತ್ತ ಅಯೋಡಿನ್ ಹುಟ್ಟಸ್ತದ, ಲೆಕ್ಕ ಕೆಡ್ತದ. ನೆಲ್ಲಿ ರಸಾನೂ ಬ್ಯಾಡ, ಅದರ ಒಗರು ಅಂಶನೂ ಅಯೋಡಿನ್ ಹೀರ್ತದ. ಬರೇ ನಿಂಬಿ ರಸ ತಗೋ. ಅರ್ಧ ಹಸಿ, ಅರ್ಧ ಹತ್ತು ನಿಮಿಷ ಸ್ಟೀಲ್ ಪಾತ್ರಿದಾಗ ಕುದಿಸಿದ್ದು. ಆವಿ ಆದಷ್ಟು ನೀರು ಮತ್ತ ಹಾಕಿ ಮೊದಲಿನ ಅಳತಿಗೆ ತರ್ಬೇಕು. ಇಲ್ಲಂದ್ರ ಕುದಿಸಿದ್ದು ಗಟ್ಟಿ ಆಗಿ ಅದೇ ಗೆದ್ದಂಗ ಕಾಣ್ತದ.

ವೈನಿ: ಹಂಗಾರ ಕುದಿಸಿದ್ದೆಲ್ಲ ಹೋತು ಅಂದಂಗಾತು. ಅದು ಸರಿ ಅಲ್ಲ. ಕುಕ್ಕರ್‌ದಾಗ ನೀರು ಕಡಿಮಿ, ಗಾಳಿ ಹೊರಗ ಹೋಗಿರ್ತದ, ಟೈಮೂ ಕಡಿಮಿ. ತೆರದ ಪಾತ್ರಿದಾಗ ಕುದಿಸಿ ನೀರು ಚೆಲ್ಲಿದಷ್ಟು ನಷ್ಟ ಅದ್ರಾಗ ಇಲ್ಲ. ಟೊಮ್ಯಾಟೊ ಕೆಂಪು ಲೈಕೋಪಿನ್ ಅಂತೂ ಎಣ್ಣ್ಯಾಗ ಬೇಯಿಸಿದ್ರೇ ಛಲೋ ದಕ್ಕತದ.

ಆಳಂದ ಅಕ್ಕ: ಒಪ್ಪಿದೆ ವೈನಿ. ನಾ ಹೇಳಿದ್ದು ವಿಟಮಿನ್ ಸಿ ಬಗ್ಗೆ ಅಷ್ಟ. ಖರೇ ಕೆಡಸೋದು ಸೋಡಾ. ಬ್ಯಾಳಿ ಜಲ್ದಿ ಬೇಯ್ಲಿ ಅಂತ ಚಿಟಿಕಿ ಹಾಕ್ತಾರಲ್ಲ, ವಿಟಮಿನ್ ಸಿನೂ ಹೋಗ್ತದ, ಥಯಾಮಿನ್ (ವಿಟಮಿನ್ ಬಿ1) ಸೈತ ಹೋಗ್ತದ. ತೊಗರಿ ನಾಡಾಗ ಕೂತು ತೊಗರಿಬ್ಯಾಳಿ ಹಿಂಗ ಕೆಡಸೋದು!

ಬೀದರ್ ಕಾಕಾ: ಅರಿಶಿಣನಾದ್ರೂ ಬಿಟ್ಟೀರಿ ಅಂತ ತಿಳ್ಕೊಂಡಿದ್ದೆ.

ಆಳಂದ ಅಕ್ಕ: ಅರಿಶಿಣದಾಗ ಅದರ ಹಳದಿ ಅಂಶ ಕರ್ಕ್ಯುಮಿನ್ ಸುಮಾರು 3 ಪರ್ಸೆಂಟ್. ಅರ್ಧ ಚಮಚ ಅಂದ್ರ ಒಂದೂವರಿ ಗ್ರಾಂ ಪುಡಿ, ಅದ್ರಾಗ 45 ಮಿಲಿಗ್ರಾಂ. ಅದೂ ನೀರಾಗ ಕರಗಂಗಿಲ್ಲ, ತಳಕ್ಕ ಕೂಡ್ತದ. ಬೆಂಗಳೂರಿನ ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಿನವ್ರು 1998ರಾಗ ಕರಿಮೆಣಸಿನ ಖಾರದ ಅಂಶ ಪೈಪರಿನ್ ಕೂಡ ಕೊಟ್ಟು ನೋಡಿದ್ರು. ರಕ್ತಕ್ಕ ಸೇರೋದು ಸುಮಾರು 20 ಪಟ್ಟು ಏರ್ತು. ಅದನ್ನೇ ಎಲ್ಲಾರೂ ಹೇಳ್ತಾರ, ಆದ್ರ ಕೊಟ್ಟಿದ್ದು 2 ಗ್ರಾಂ ಶುದ್ಧ ಕರ್ಕ್ಯುಮಿನ್ ಅಂತ ಯಾರೂ ಹೇಳಂಗಿಲ್ಲ. ಪುಡಿ ಲೆಕ್ಕದಾಗ ಸುಮಾರು 67 ಗ್ರಾಂ! ಒಗ್ಗರಣಿ ಎಣ್ಣ್ಯಾಗ ಹಾಕ್ರಿ, ರುಚಿಗೆ, ಬಣ್ಣಕ್ಕ. ಔಷಧ ಅಂತ ಬ್ಯಾಡ.

ಬೀದರ್ ಕಾಕಾ: ಮತ್ತ ಆ ಅಂಕ? ಸೈಂಟಿಸ್ಟ್ ಮಂದಿನೇ ಅಳದು ಕೊಟ್ಟಿದ್ದಲ್ಲೇನು?

ಆಳಂದ ಅಕ್ಕ: ಅಳದಿದ್ದು ಪರೀಕ್ಷಾ ನಳಿಕಿದಾಗ. ಓರಾಕ್ ಅಂತ ಅದರ ಹೆಸರು. ಅಮೆರಿಕದ ಕೃಷಿ ಇಲಾಖೆ ಆ ಪಟ್ಟಿ ಇಟ್ಟಿತ್ತು, 2012ರಾಗ ತಾನೇ ತಗದು ಹಾಕ್ತು, ಮನುಷ್ಯರ ಆರೋಗ್ಯಕ್ಕ ಆ ಅಂಕ ತಾಳೆ ಆಗಂಗಿಲ್ಲ ಅಂತ. 100 ಗ್ರಾಂ ಲೆಕ್ಕದಾಗ ಲವಂಗ ಭಾಳ ಮ್ಯಾಲಿತ್ತು. 100 ಗ್ರಾಂ ಲವಂಗ ಯಾರು ತಿಂತಾರ್ರಿ? ಗಿಡದ ಪಾಲಿಫಿನಾಲ್ (ಒಗರಿನಂಥಾ ಆ್ಯಂಟಿಆಕ್ಸಿಡೆಂಟ್ ಅಂಶ) ಕರಳಾಗ, ಲಿವರ್‌ದಾಗ ರೂಪ ಬದಲಾಗಿ ರಕ್ತಕ್ಕ ಬರೋದು ಚೂರೇ ಚೂರು. ಒಳಗಿನ ಕಾವಲು ಮಾಡೋರು ಬ್ಯಾರೇನೇ ಅದಾರ: ಗ್ಲುಟಾಥಯಾನ್, ಕೆಟಲೇಸ್ ಕಿಣ್ವ, ಯೂರಿಕ್ ಆ್ಯಸಿಡ್ ಸೈತ.

ಸೇಡಂ ತಮ್ಮ: ಗುಳಿಗಿ ಮಾತು ನಾ ಹೇಳ್ತೀನಿ. ಫಿನ್ಲೆಂಡ್‌ದಾಗ 29,133 ಮಂದಿ ಸಿಗರೇಟ್ ಸೇದೋ ಗಂಡಸರ ಮ್ಯಾಲೆ ಪರೀಕ್ಷೆ ಆತು. 1994ರಾಗ ಫಲಿತಾಂಶ ಬಂತು. ದಿನಕ್ಕ 20 ಮಿಲಿಗ್ರಾಂ ಬೀಟಾ ಕೆರೋಟಿನ್ (ಇದೂ ಆ್ಯಂಟಿಆಕ್ಸಿಡೆಂಟ್ ಗುಳಿಗಿನೇ) ತಗೊಂಡವ್ರಾಗ ಪುಪ್ಪುಸದ ಕ್ಯಾನ್ಸರ್ 18 ಪರ್ಸೆಂಟ್ ಹೆಚ್ಚು. ವಿಟಮಿನ್ ಇ 400 ನುಂಗಿದವ್ರದು ಬ್ಯಾರೆ ಪರೀಕ್ಷೆ: 2011ರ ವರದಿದಾಗ ಪ್ರಾಸ್ಟೇಟ್ ಕ್ಯಾನ್ಸರ್ 17 ಪರ್ಸೆಂಟ್ ಹೆಚ್ಚು. ರಕ್ತ ತೆಳು ಮಾಡೋ ವಾರ್ಫರಿನ್ ತಗೊಳ್ಳೋರಿಗೆ ಇ ಗುಳಿಗಿ ಸೇರಿದ್ರ ರಕ್ತಸ್ರಾವದ ಭಯ. ಸಿ 1000ನೂ ದಿನಾ ಬ್ಯಾಡ. ದಿನಕ್ಕ 200 ಮಿಲಿಗ್ರಾಂ ಹೊತ್ತಿಗೇ ರಕ್ತದಾಗ ಹೆಚ್ಚುಕಡಿಮಿ ತುಂಬಿರ್ತದ, ಉಳದಿದ್ದು ಮೂತ್ರದಾಗ ಹೋಗ್ತದ, ಸ್ವಲ್ಪ ಕಿಡ್ನಿ ಕಲ್ಲು ಕಟ್ಟೋ ಆಕ್ಸಲೇಟ್ ಆಗ್ತದ. ನಮ್ಮ ಬಿಸಿಲಾಗ ನೀರು ಕಡಿಮಿ ಕುಡಿಯೋರಿಗೆ ಮೊದ್ಲೇ ಕಲ್ಲಿನ ಕಾಟ. ಶುಗರ್ ಇದ್ದವ್ರ ಗಮನಕ್ಕ: ಸಿ ಭಾಳಾದ್ರ ಕೆಲವು ಗ್ಲುಕೋಮೀಟರ್ ಇಲ್ಲದ ಶುಗರ್ ಏರಿಸಿ ತೋರಸ್ತಾವ.

ಶಹಾಪುರ ಅತ್ತಿ: ಎಲ್ಲಾ ಬ್ಯಾಡ ಅಂದ್ರ ಏನ್ ತಿನ್ನೋದು ಅದನ್ನಾದ್ರೂ ಹೇಳ್ರಿ.

ಆಳಂದ ಅಕ್ಕ: ಪ್ಯಾರಲಹಣ್ಣು ಅತ್ತಿ. 100 ಗ್ರಾಂದಾಗ 200 ಮಿಲಿಗ್ರಾಂ ಆಸುಪಾಸು ವಿಟಮಿನ್ ಸಿ. ಹೈದರಾಬಾದ್‌ನ ಪೋಷಣಾ ಸಂಸ್ಥೆ ಲೆಕ್ಕದಾಗ ಹೆಣ್ಣಮಕ್ಕಳಿಗೆ ದಿನಕ್ಕ 65, ಗಂಡಸರಿಗೆ 80 ಸಾಕು. ಅರ್ಧ ಹಣ್ಣು ಮುಗೀತು. ನೆಲ್ಲಿಕಾಯಿ ತುರದು ಉಪ್ಪ ಹಚ್ಚಿ ಆಗಿಂದಾಗ ತಿನ್ರಿ. ನಿಂಬಿ ಹಿಂಡೋದು ಪಲ್ಯ ಒಲಿಯಿಂದ ಇಳಿಸಿದ ಮ್ಯಾಲೆ. ಊಟದ ಕೂಡ ಹುಳಿ ಇದ್ರ ಬ್ಯಾಳಿ, ಸೊಪ್ಪಿನ ಕಬ್ಬಿಣಾನೂ ಹತ್ತತದ. ಚಹಾ ಮಾತ್ರ ಒಂದು ತಾಸು ಬಿಟ್ಟು.

ವೈನಿ: ವಿಟಮಿನ್ ಇ ಬೇಕಂದ್ರ ಕುಸುಬಿ ಎಣ್ಣಿ ಅದಲ್ಲ. ಒಂದು ದೊಡ್ಡ ಚಮಚದಾಗ 4–5 ಮಿಲಿಗ್ರಾಂ. ಆದ್ರ ಆ ಇ ಮೊದಲು ಎಣ್ಣಿನೇ ಕಾಯ್ತದ, ಆಮ್ಯಾಲೆ ನಮ್ಮನ್ನ. ಕುಸುಬಿ ಎಣ್ಣಿ ಜಲ್ದಿ ಕಮಟು ಹಿಡಿಯೋ ಜಾತಿ. ಬಿಳಿ ಬಾಟಲಿದಾಗ ಕಿಡಕಿ ಹತ್ರ ಇಟ್ರ ಇ ಅಲ್ಲೇ ಖರ್ಚಾಗ್ತದ. ತಿಂಗಳಿಗೆ ಸಾಕಾಗುವಷ್ಟೇ ತರ್ರಿ, ಕತ್ತಲದಾಗ ಇಡ್ರಿ, ಭಜಿ ಕರದ ಎಣ್ಣಿ ಮತ್ತ ಡಬ್ಬಿಗೆ ಸುರೀಬ್ಯಾಡ್ರಿ.

ಶಹಾಪುರ ಅತ್ತಿ: ರಾತ್ರಿ ಇಟ್ಟಿದ್ದು ತಂಬಿಗಿದಾಗ ಹಂಗೇ ಅದ. ಏನ್ ಮಾಡ್ಲಿ?

ಆಳಂದ ಅಕ್ಕ: ಚೆಲ್ಲಿ ತಂಬಿಗಿ ಒಳಗ ನೋಡ್ರಿ ಅತ್ತಿ. ರಸ ಮುಟ್ಟಿದಷ್ಟು ಹುಣಸಿಹಣ್ಣು ಹಚ್ಚಿ ತಿಕ್ಕಿದಂಗ ಫಳಫಳ ಅಂತಿರ್ತದ, ಅದಕ್ಕಿಂತ ಮ್ಯಾಲಿನ ಭಾಗದಾಗ ಹಳೇ ಕರಿ ಬಣ್ಣ. ಫಳಫಳ ಅನ್ನೋ ಜಾಗದಿಂದ ಬಿಟ್ಟಿದ್ದೆಲ್ಲಾ ಆ ರಸದಾಗೇ ಅದ.

ಶಹಾಪುರ ಅತ್ತಿ: ಹೌದವ್ವ, ಗೆರಿ ಹೊಡದಂಗ ಕಾಣ್ಲತ್ತದ.

ಬೀದರ್ ಕಾಕಾ: ನಾ ಇಲ್ಲಿ ಅಳಸ್ತೀನಿ. ಆ ಹತ್ತು ಮಂದಿಗೆ ಕಳಸಿದ್ದು ಹೆಂಗ ತಗೀಬೇಕು, ಯಾರರ ಹೇಳ್ರಿ.