ಸಹಾಯ ಬೇಕು: ಇಂಟರ್ನೆಟ್ ಬಿಲ್ಲಿನಲ್ಲಿ ಜಿಎಸ್‌ಟಿ ಹೊಂದಿಸುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ಬೆಳಗಾವಿಯಲ್ಲಿ ಮನೆ, ಅಂಗಡಿಗಳಿಗೆ ಫೈಬರ್ ಇಂಟರ್ನೆಟ್ ಕೊಡುವ ಸಣ್ಣ ಸಂಸ್ಥೆಯೊಂದರ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ಹೊಸ ಬಿಲ್ಲಿಂಗ್ ತಂತ್ರಾಂಶದಲ್ಲಿ ತೆರಿಗೆ ಹೊಂದಿಸುವ ಕೆಲಸ ಒಂದು ಕಡೆ ನಿಂತುಬಿಟ್ಟಿದೆ.

ಊರಿನ ಗ್ರಾಹಕರ ಬಿಲ್ಲು ಸರಿಯಾಗಿದೆ: 500 ರೂಪಾಯಿಯ ಪ್ಲಾನಿಗೆ ಸಿಜಿಎಸ್‌ಟಿ (ಕೇಂದ್ರದ ಪಾಲು) 45, ಎಸ್‌ಜಿಎಸ್‌ಟಿ (ರಾಜ್ಯದ ಪಾಲು) 45, ಒಟ್ಟು 590. ತೊಡಕಿರುವುದು ಪುಣೆಯಲ್ಲಿ ಮುಖ್ಯ ಕಚೇರಿ ಇರುವ ಕಂಪನಿಯೊಂದರ ಬಿಲ್ಲಿನಲ್ಲಿ. ಲೈನ್ ಎಳೆದಿರುವುದು ಇಲ್ಲಿನ ಶಾಖೆಗೆ. ಅವರು ಕೊಟ್ಟಿರುವ ಜಿಎಸ್‌ಟಿ ಸಂಖ್ಯೆ ಮಾತ್ರ ಮಹಾರಾಷ್ಟ್ರದ್ದು. ಅದರ ಮೊದಲ ಎರಡು ಅಂಕಿ 27 ಎಂದು ಕಂಡ ಕೂಡಲೇ ತಂತ್ರಾಂಶ ಶೇ. 18ರಷ್ಟನ್ನೂ ಐಜಿಎಸ್‌ಟಿ (ಒಂದು ರಾಜ್ಯದಿಂದ ಇನ್ನೊಂದಕ್ಕೆ ಆಗುವ ಪೂರೈಕೆಯ ತೆರಿಗೆ) ಎಂದು ಹಾಕುತ್ತದೆ. ಐಜಿಎಸ್‌ಟಿ ಕಾಯ್ದೆಯ 12(11)ನೇ ಸೆಕ್ಷನ್ ಪ್ರಕಾರ ಸ್ಥಿರ ಲೈನಿನ ಸೇವೆಗೆ ಲೈನ್ ಅಳವಡಿಸಿದ ಜಾಗವೇ ಪೂರೈಕೆಯ ಸ್ಥಳ. ಅಂದಮೇಲೆ ಇದು ರಾಜ್ಯದೊಳಗಿನ ಪೂರೈಕೆ, ಇಲ್ಲಿ ಸಿಜಿಎಸ್‌ಟಿ, ಎಸ್‌ಜಿಎಸ್‌ಟಿಯೇ ಬರಬೇಕು.

ಪ್ರತಿ ತಿಂಗಳೂ ಕೈಯಿಂದ ತಿದ್ದುವುದು ನನಗೆ ಒಪ್ಪಿಗೆಯಿಲ್ಲ. ಒಮ್ಮೆ ಮರೆತರೂ ಮಾರಾಟದ ವಿವರ ಸಲ್ಲಿಸುವ ಜಿಎಸ್‌ಟಿಆರ್-1ರಲ್ಲಿ ತಪ್ಪು ತೆರಿಗೆ ಹೋಗಿಬಿಡುತ್ತದೆ. ಗ್ರಾಹಕರ ಖಾತೆಗೆ ಬದಲಾಗಿ ಸಂಪರ್ಕದ ವಿಳಾಸಕ್ಕೆ ತೆರಿಗೆಯನ್ನು ಜೋಡಿಸಿದವರು ಯಾರಾದರೂ ಇದ್ದೀರಾ? ಯಾವ ತಂತ್ರಾಂಶದಲ್ಲಿ, ಹೇಗೆ ಮಾಡಿದಿರಿ?

ಇನ್ನೊಂದು ವಿಷಯ. ರೂಟರಿಗೆಂದು ಪಡೆಯುವ, ಮುಂದೆ ಹಿಂದಿರುಗಿಸುವ ಠೇವಣಿಗೂ ತೆರಿಗೆ ಸೇರಿಕೊಳ್ಳುತ್ತಿದೆ. ಅದನ್ನು ತೆರಿಗೆಯಿಲ್ಲದ ಬೇರೆ ಸಾಲಿನಲ್ಲಿ ತೋರಿಸುವ ಬಗೆಯನ್ನೂ ದಯವಿಟ್ಟು ತಿಳಿಸಿ. 1ನೇ ತಾರೀಖಿಗೆ ಬಿಲ್ಲುಗಳು ಹೊರಡಬೇಕು.