ಮಂಡಿ ಸಂದೇಶಗಳ ಎಂಟಿಟಿ ಪರಿಶೀಲನೆ: ತಿದ್ದಿದ್ದು ನಿಲ್ಲುತ್ತಿಲ್ಲ, ಒಂದೇ ಊರು ಹಲವು ಸಾಲಾಗಿ ಬರುತ್ತಿದೆ

ಮಂಡಿಲೆಕ್ಕ (ಪ್ರಶ್ನೆ):

ನಮಸ್ಕಾರ. ಶಿವಮೊಗ್ಗದ ಅಡಿಕೆ ಮಂಡಿಯೊಂದರಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ಬೆಳೆಗಾರರೂ ಖರೀದಿದಾರರೂ ವಾಟ್ಸ್‌ಆ್ಯಪ್‌ನಲ್ಲಿ ಕಳಿಸುವ ಸಂದೇಶಗಳಿಂದ ವ್ಯಕ್ತಿ, ಊರು, ಸಂಸ್ಥೆ, ಮಾಲು, ಪ್ರಮಾಣ, ದರ, ದಿನಾಂಕಗಳನ್ನು ಹೆಕ್ಕಿಕೊಡುವ ತಂತ್ರಾಂಶ ಹಾಕಿಸಿದ್ದೇವೆ. ಹೀಗೆ ಹೆಕ್ಕಿದ ಎಂಟಿಟಿಗಳನ್ನು (ಹೆಸರು, ಅಂಕಿ ಮುಂತಾದ ತುಣುಕುಗಳನ್ನು) ನೋಡಿ ಒಪ್ಪುವುದು ಅಥವಾ ತಿದ್ದುವುದು ನನ್ನ ಪಾಲಿನ ಕೆಲಸ.

ತೊಂದರೆ ಹೀಗಿದೆ. ಪಟ್ಟಿಯಲ್ಲಿ ‘ಕೊಪ್ಪ’ ಎರಡು ಸಾಲುಗಳಲ್ಲಿ ಬರುತ್ತದೆ. ಕಣ್ಣಿಗೆ ಎರಡೂ ಒಂದೇ. ವಿಲೀನ ಮಾಡಿದರೆ ಮರುದಿನ ಮತ್ತೆ ಎರಡಾಗುತ್ತವೆ. ತೀರ್ಥಹಳ್ಳಿ, ತೀರ್ಥಹಳ್ಳಿಯಿಂದ, ತೀರ್ಥಹಳ್ಳಿಗೆ ಎಂಬುವು ಮೂರು ಬೇರೆ ಊರುಗಳೆಂಬಂತೆ ನಿಂತಿವೆ. ಕೆಲವು ಸಂದೇಶಗಳಲ್ಲಿ, ಹೆಕ್ಕಿದ ಹೆಸರಿನ ಮೇಲೆ ತಂತ್ರಾಂಶ ಹಾಕುವ ಬಣ್ಣದ ಗುರುತು ಒಂದೆರಡು ಅಕ್ಷರ ಆಚೆ ಸರಿದು ಹೆಸರಿನ ಅರ್ಧಕ್ಕೆ ಮಾತ್ರ ಬೀಳುತ್ತದೆ. ಇನ್ನು ರಾಶಿ, ಬೆಟ್ಟೆ, ಸರಕು, ಗೊರಬಲು ಎಂಬ ನಮ್ಮ ಅಡಿಕೆಯ ದರ್ಜೆಗಳು ಒಮ್ಮೆ ಊರು, ಒಮ್ಮೆ ವ್ಯಕ್ತಿ, ಇನ್ನೊಮ್ಮೆ ಏನೂ ಅಲ್ಲ. ಎಲ್ಲಿಂದ ಸರಿಪಡಿಸಲಿ?

ಅಕ್ಷರಶೋಧ:

ಮೊದಲು ಕೊಪ್ಪ. ‘ಕೊ’ದಲ್ಲಿರುವ ಒಕಾರದ ಚಿಹ್ನೆಯನ್ನು, ಕಂಪ್ಯೂಟರಿನಲ್ಲಿ ಅಕ್ಷರಗಳಿಗೆ ಸಂಕೇತ ಕೊಡುವ ವ್ಯವಸ್ಥೆಯಾದ ಯೂನಿಕೋಡ್‌ನಲ್ಲಿ ಎರಡು ಬಗೆಯಾಗಿ ಬರೆಯಬಹುದು: ಒಂದೇ ಸಂಕೇತವಾಗಿ, ಇಲ್ಲವೇ ಎಕಾರ ಮತ್ತು ಊಕಾರದ ಚಿಹ್ನೆಗಳನ್ನು ಜೋಡಿಸಿ. ಪರದೆಯ ಮೇಲೆ ವ್ಯತ್ಯಾಸ ಕಾಣುವುದಿಲ್ಲ, ಕಂಪ್ಯೂಟರಿಗೆ ಅವು ಎರಡು ಬೇರೆ ಪದಗಳು. ‘ತೀ’ಯ ಈಕಾರವೂ ಹೀಗೆಯೇ ಒಡೆಯಬಲ್ಲದು. ಯಾವ ಕೀಲಿಮಣೆಯಿಂದ, ಯಾವ ಪರಿವರ್ತಕದಿಂದ ಪಠ್ಯ ಬಂದಿದೆ ಎಂಬುದರ ಮೇಲೆ ರೂಪ ನಿಂತಿರುತ್ತದೆ. ಎಲ್ಲ ಸಂದೇಶಗಳನ್ನೂ ಎನ್‌ಎಫ್‌ಸಿ ರೂಪಕ್ಕೆ (ಇಂಥ ಬೇರೆ ಬೇರೆ ಬರಹಗಳನ್ನು ಒಂದೇ ಜೋಡಿಸಿದ ರೂಪವಾಗಿಸುವ ಯೂನಿಕೋಡ್ ನಿಯಮ) ತರಲು ತಂತ್ರಾಂಶದವರಿಗೆ ಹೇಳಿ. ಪದಗಳ ನಡುವೆ ಅಡಗಿ ಕುಳಿತ, ಕಣ್ಣಿಗೆ ಕಾಣದ ಶೂನ್ಯ ಅಗಲದ ಅಕ್ಷರಗಳಿಗೂ ಒಂದು ನಿಯಮ ಬೇಕು.

ಆದರೆ ಈ ಕೆಲಸ ಎಂಟಿಟಿ ಹೆಕ್ಕುವ ಮೊದಲೇ ಆಗಬೇಕು. ಹೆಕ್ಕಿದ ಮೇಲೆ ಮಾಡಿದರೆ ಮೂರು ಸಂಕೇತಗಳಾಗಿ ಒಡೆದಿದ್ದ ಓಕಾರ (‘ಕೋ’ದಲ್ಲಿರುವ ದೀರ್ಘ) ಒಂದಕ್ಕೆ ಕುಗ್ಗಿ, ಮುಂದಿನ ಎಲ್ಲ ಸ್ಥಾನಗಳೂ ಜರುಗುತ್ತವೆ. ನಿಮ್ಮ ಬಣ್ಣದ ಗುರುತು ಸರಿಯಲು ಅದು ಒಂದು ಕಾರಣವಿರಬಹುದು. ಇನ್ನೊಂದು ಕಾರಣ ಎಮೋಜಿ. ಗುರುತು ತಪ್ಪಿದ ಸಂದೇಶಗಳಲ್ಲಿ ಹೆಸರಿಗಿಂತ ಮುಂಚೆ ಕೈಮುಗಿದ ಚಿತ್ರವೋ ಹೂವೋ ಇದೆಯೇ?

ಮಂಡಿಲೆಕ್ಕ:

ಇದೆ! ‘ನಮಸ್ಕಾರ’ದ ಪಕ್ಕ ಕೈಮುಗಿದ ಚಿತ್ರ ಒಂದಿದ್ದರೆ ಗುರುತು ಒಂದು ಸ್ಥಾನ, ಎರಡಿದ್ದರೆ ಎರಡು ಸ್ಥಾನ ಸರಿಯುತ್ತದೆ. ಚಿತ್ರವಿಲ್ಲದ ಸಂದೇಶಗಳಲ್ಲಿ ಸರಿಯಾಗಿಯೇ ಬೀಳುತ್ತಿದೆ.

ಅಕ್ಷರಶೋಧ:

ಹಾಗಾದರೆ ಅದೇ. ಹೆಕ್ಕುವ ಭಾಗ ಪ್ರೋಗ್ರಾಮಿಂಗ್ ಭಾಷೆಯಾದ ಪೈಥಾನ್‌ನಲ್ಲಿದ್ದು, ಪರದೆಗೆ ತೋರಿಸುವ ಭಾಗ ಇನ್ನೊಂದು ಭಾಷೆಯಾದ ಜಾವಾಸ್ಕ್ರಿಪ್ಟ್‌ನಲ್ಲಿದ್ದರೆ ಹೀಗಾಗುತ್ತದೆ. ಆ ಎಮೋಜಿಯನ್ನು ಪೈಥಾನ್ ಒಂದಾಗಿ ಎಣಿಸುತ್ತದೆ, ಜಾವಾಸ್ಕ್ರಿಪ್ಟ್ ಎರಡಾಗಿ ಎಣಿಸುತ್ತದೆ. ಕನ್ನಡ ಅಕ್ಷರಗಳಲ್ಲಿ ಇಬ್ಬರ ಎಣಿಕೆಯೂ ಒಂದೇ ಆದ್ದರಿಂದ ಉಳಿದ ಕಡೆ ದೋಷ ಬಯಲಾಗಲಿಲ್ಲ. ಇದನ್ನು ನೀವು ಕೈಯಿಂದ ತಿದ್ದಲೇಬೇಡಿ. ತಪ್ಪು ಗಡಿಯನ್ನು ಸರಿಯೆಂದು ಉಳಿಸಿದರೆ ತಂತ್ರಾಂಶದ ಮುಂದಿನ ತರಬೇತಿಗೂ ಅದೇ ಕೊಳೆ ಹೋಗುತ್ತದೆ.

ಹಳೆಕಡತ:

ಇಷ್ಟೆಲ್ಲ ಏಕೆ? ವಿಶ್ವಾಸಾಂಕ (ಹೆಕ್ಕಿದ್ದು ಸರಿ ಎಂದು ತಂತ್ರಾಂಶಕ್ಕೆ ಎಷ್ಟು ಭರವಸೆ ಎಂಬ ಅಂಕ) 0.9ಕ್ಕಿಂತ ಹೆಚ್ಚಿರುವುದನ್ನು ತಾನಾಗಿ ಒಪ್ಪಿಕೊಳ್ಳಲು ಬಿಟ್ಟು, ಕಡಿಮೆ ಇರುವುದನ್ನು ಮಾತ್ರ ನೋಡಿದರೆ ಅರ್ಧ ಕೆಲಸ ಕಡಿಮೆಯಾಗುತ್ತದೆ.

ವಿಭಕ್ತಿ:

ಅದನ್ನು ನಾನು ಒಪ್ಪುವುದಿಲ್ಲ. ಮಾದರಿಯ (ಉದಾಹರಣೆಗಳಿಂದ ಹೆಕ್ಕಲು ಕಲಿತ ತಂತ್ರಾಂಶದ ಭಾಗ) ಕಣ್ಣುತಪ್ಪಿ ಬಿಟ್ಟುಹೋದ ಎಂಟಿಟಿಗೆ ವಿಶ್ವಾಸಾಂಕವೇ ಇರುವುದಿಲ್ಲ, ಅದು ಪಟ್ಟಿಗೇ ಬರುವುದಿಲ್ಲ. ಮಂಡಿಯಲ್ಲಿ ಬಿಟ್ಟುಹೋಗುವುದು ಹೆಚ್ಚಾಗಿ ದರ್ಜೆ ಮತ್ತು ದರ, ಅಂದರೆ ಹಣ. ಪ್ರತಿದಿನ ಒಂದಿಷ್ಟು ಸಂದೇಶಗಳನ್ನು ಗುರುತುಗಳಿಲ್ಲದೆ ಮೊದಲಿನಿಂದ ಕೊನೆಯವರೆಗೆ ಓದಿ, ಏನು ಉಳಿದುಹೋಗಿದೆ ಎಂದು ನೋಡಲೇಬೇಕು.

ಈಗ ತೀರ್ಥಹಳ್ಳಿಯ ವಿಚಾರ. ‘ಪ್ರತ್ಯಯ ಕತ್ತರಿಸಿ’ ಎಂದು ಯಾರಾದರೂ ಸುಲಭವಾಗಿ ಹೇಳಿಬಿಡುತ್ತಾರೆ. ‘ತೀರ್ಥಹಳ್ಳಿಯಿಂದ’ ಎಂದರೆ ಮಾಲು ಹೊರಟ ಜಾಗ, ‘ತೀರ್ಥಹಳ್ಳಿಗೆ’ ಎಂದರೆ ತಲುಪಬೇಕಾದ ಜಾಗ. ಪ್ರತ್ಯಯವನ್ನು ಎಸೆದರೆ ಲಾರಿ ಯಾವ ದಿಕ್ಕಿಗೆ ಹೋಗಬೇಕೆಂಬುದೂ ಹೋಯಿತು. ಹಾಗಾಗಿ ಸಂದೇಶದಲ್ಲಿದ್ದ ರೂಪವನ್ನು ಹಾಗೆಯೇ ಉಳಿಸಿ, ಪಕ್ಕದ ಅಂಕಣದಲ್ಲಿ ಮೂಲರೂಪ, ಅದರ ಪಕ್ಕ ‘ಎಲ್ಲಿಂದ’ ಅಥವಾ ‘ಎಲ್ಲಿಗೆ’ ಎಂಬ ಪಾತ್ರವನ್ನು ತುಂಬಿ. ಕುರುಡಾಗಿ ಕತ್ತರಿಸಿದರೆ ‘ತುಮಕೂರಿನಿಂದ’ ಎಂಬುದು ‘ತುಮಕೂರಿನ್’ ಆಗಿ ನಿಲ್ಲುತ್ತದೆ, ಕೊನೆಯ ಉಕಾರವನ್ನು ಮರಳಿ ತರಬೇಕು. ಊರುಗಳ ಪಟ್ಟಿಯೊಂದನ್ನು ಕೊಟ್ಟು ಅದಕ್ಕೆ ತಾಳೆ ನೋಡುವುದೇ ಭದ್ರ. ಆ ಪಟ್ಟಿಯಲ್ಲಿ ಶಿರಸಿ ಮತ್ತು ಸಿರ್ಸಿ, ಶಿವಮೊಗ್ಗ ಮತ್ತು ಶಿಮೊಗ್ಗ ಒಂದೇ ಊರೆಂದು ನಮೂದಾಗಿರಲಿ. 2014ರ ನವೆಂಬರ್ 1ರಂದು ಹೆಸರು ಬದಲಾದ 12 ನಗರಗಳ ಹಳೆಯ ಕಾಗುಣಿತವನ್ನು ಜನ ಇನ್ನೂ ಬಿಟ್ಟಿಲ್ಲ.

ದರ್ಜೆಗಳ ಗೊಂದಲಕ್ಕೆ ಕಾರಣ ಮಾದರಿ ಕಲಿತ ಪಠ್ಯದಲ್ಲಿರಬಹುದು. ಭಾರತೀಯ ಭಾಷೆಗಳ ಎಐ ಸಂಶೋಧನಾ ತಂಡವಾದ ಎಐ4ಭಾರತ್‌ನ ನಾಮಪದಂ ದತ್ತಾಂಶ (ಹೆಸರುಗಳನ್ನು ಗುರುತುಮಾಡಿದ ವಾಕ್ಯಗಳ ಸಂಗ್ರಹ) ಕನ್ನಡವೂ ಸೇರಿ 11 ಭಾರತೀಯ ಭಾಷೆಗಳದು. ಬಹಳ ಉಪಯುಕ್ತವಾದದ್ದು, ಆದರೆ ಅದರಲ್ಲಿರುವುದು ವ್ಯಕ್ತಿ, ಸ್ಥಳ, ಸಂಸ್ಥೆ ಎಂಬ ಮೂರೇ ವರ್ಗಗಳು. ಅಂಥದ್ದರಿಂದ ಕಲಿತ ಮಾದರಿಗೆ ಬೆಟ್ಟೆ ಕಂಡರೆ ಆ ಮೂರರಲ್ಲೊಂದಕ್ಕೆ ತಳ್ಳುತ್ತದೆ, ಇಲ್ಲವೇ ಬಿಟ್ಟುಬಿಡುತ್ತದೆ. ‘ದರ್ಜೆ’ ಎಂಬ ಹೊಸ ವರ್ಗವನ್ನೇ ತೆರೆಯಿರಿ. ‘ಸರಕು’ ಮಾತ್ರ ಎಚ್ಚರ: ‘ಸರಕು 3 ಚೀಲ’ ಎಂದರೆ ದರ್ಜೆ, ‘ಸರಕು ಬಂತೇ?’ ಎಂದರೆ ಬರೀ ಮಾಲು. ಅದನ್ನು ಪಟ್ಟಿಯಿಂದ ತೀರ್ಮಾನಿಸಲಾಗದು, ಎರಡೂ ಬಗೆಯ ಸಂದೇಶಗಳನ್ನು ಗುರುತುಮಾಡಿ ಕಲಿಸಬೇಕು. ಸಂಸ್ಥೆಗಳಿಗೆ ಸಾಧ್ಯವಾದಲ್ಲೆಲ್ಲ 15 ಅಕ್ಷರಗಳ ಜಿಎಸ್‌ಟಿ ಸಂಖ್ಯೆಯನ್ನೇ ಗುರುತಾಗಿ ಹಿಡಿಯಿರಿ. ಕರ್ನಾಟಕದ್ದು 29ರಿಂದ ಆರಂಭವಾಗುತ್ತದೆ, ಕೊನೆಯ ಅಕ್ಷರ ತಾಳೆಗೆಂದೇ ಇದೆ. ‘ಸಾಗರ ಟ್ರೇಡರ್ಸ್’ ಊರೋ ವ್ಯಕ್ತಿಯೋ ಎಂಬ ಜಗಳ ಅಲ್ಲಿಗೆ ಮುಗಿಯುತ್ತದೆ.

ಮಂಡಿಲೆಕ್ಕ:

ಇಬ್ಬರಿಗೂ ಮನಃಪೂರ್ವಕ ಧನ್ಯವಾದಗಳು. ಎನ್‌ಎಫ್‌ಸಿ ಮತ್ತು ಎಮೋಜಿ ಎಣಿಕೆಯನ್ನು ತಂತ್ರಾಂಶದವರು ಸರಿಪಡಿಸಿದ್ದಾರೆ. ಕೊಪ್ಪ ಒಂದೇ ಸಾಲಾಗಿದೆ. ದರ್ಜೆಯ ವರ್ಗವನ್ನೂ ತೆರೆಸಿದ್ದೇನೆ. ಉಳಿದಿರುವುದು ಇಂಥವು: ‘ರಾಶಿ 12 ಚೀಲ ನಾಡಿದ್ದು ಬರುತ್ತದೆ, 48ರ ಮೇಲಾದರೆ ಕೊಡಿ.’ ದರ 48 ರೂಪಾಯಿ ಎಂದು ದಾಖಲಾಗಿದೆ. ದಿನಾಂಕವೂ ಒಂದು ದಿನ ಮುಂದೆ ಹೋಗಿದೆ.

ವಿಭಕ್ತಿ:

48 ಎಂದರೆ ಕ್ವಿಂಟಲ್‌ಗೆ 48,000 ಎಂಬುದು ನಿಮಗೆ ಗೊತ್ತು, ಯಂತ್ರಕ್ಕೆ ಗೊತ್ತಿಲ್ಲ. ಮೂಲದಲ್ಲಿ 48 ಎಂದೇ ಇರಲಿ, ಮೌಲ್ಯದ ಅಂಕಣದಲ್ಲಿ 48,000 ಬರಲಿ. ಅಡಿಕೆ ದರ್ಜೆಯ ಪಕ್ಕ ಎರಡಂಕಿಯ ದರ ಬಂದರೆ ಮನುಷ್ಯರ ಪರಿಶೀಲನೆಗೆ ಕಳಿಸುವ ನಿಯಮ ಹಾಕಿ, ತಾನಾಗಿ ಸಾವಿರದಿಂದ ಗುಣಿಸಲು ಬಿಡಬೇಡಿ. ಚೀಲವನ್ನು ಕಿಲೋಗೆ ಪರಿವರ್ತಿಸುವುದೂ ಬೇಡ, ತೂಕ ಕಾಟಾದಲ್ಲೇ ಗೊತ್ತಾಗಲಿ. ದಿನಾಂಕಕ್ಕೆ ಒಂದು ಪ್ರಶ್ನೆ: ಆ ಸಂದೇಶ ನೇರವಾಗಿ ಬಂದದ್ದೋ, ಬೇರೆಯವರು ಫಾರ್ವರ್ಡ್ ಮಾಡಿದ್ದೋ?

ಮಂಡಿಲೆಕ್ಕ:

ಫಾರ್ವರ್ಡ್ ಆದದ್ದು. ದಲ್ಲಾಳಿಯೊಬ್ಬರು ಮರುದಿನ ಬೆಳಿಗ್ಗೆ ಕಳಿಸಿದ್ದರು.

ವಿಭಕ್ತಿ:

ತಂತ್ರಾಂಶ ‘ನಾಡಿದ್ದು’ ಎಂಬುದನ್ನು ದಲ್ಲಾಳಿ ಕಳಿಸಿದ ದಿನದಿಂದ ಎಣಿಸಿದೆ, ಬೆಳೆಗಾರರು ಬರೆದ ದಿನದಿಂದಲ್ಲ. ಫಾರ್ವರ್ಡ್ ಗುರುತಿರುವ ಸಂದೇಶಗಳಲ್ಲಿ ನಾಳೆ, ನಾಡಿದ್ದು, ಬರುವ ಸೋಮವಾರ ಇಂಥವಕ್ಕೆ ದಿನಾಂಕ ತುಂಬದೆ ಖಾಲಿ ಬಿಡಿ. ಬೆಳೆಗಾರರಿಗೆ ಒಂದು ಕರೆ ಮಾಡಿ ಕೇಳಿ ತುಂಬಿದರಾಯಿತು.